ದಿನಾ ಓಡುವವನಿಗೂ ಶುಗರ್ ಬರುತ್ತಾ? ಈಗ ಓಟದ ಗತಿ ಏನು?

ಓಟದಹುಚ್ಚು:

ನನಗೆ 41 ವರ್ಷ. ವಾರಕ್ಕೆ ನಾಲ್ಕೈದು ದಿನ ಓಡುತ್ತೇನೆ, ರಜೆ ದಿನ ಇಪ್ಪತ್ತು ಕಿಲೋಮೀಟರ್ ದಾಟುವುದೂ ಉಂಟು, ಮಧ್ಯೆ ಈಜು. ಹೊಟ್ಟೆ ಇಲ್ಲ, ಸಿಗರೇಟು ಇಲ್ಲ. ಕೆಲವು ತಿಂಗಳಿಂದ ತೂಕ ಬೇರೆ ಮೂರ್ನಾಲ್ಕು ಕೆಜಿ ಇಳಿದಿದೆ, ಓಟ ಜಾಸ್ತಿ ಮಾಡಿದ್ದಕ್ಕೆ ಇರಬೇಕು. ಹೀಗಿರುವಾಗ ಕೆಲಸದ ಕಡೆಯ ವಾರ್ಷಿಕ ತಪಾಸಣೆಗೆ ರಕ್ತ ಕೊಟ್ಟರೆ ಖಾಲಿ ಹೊಟ್ಟೆ ಶುಗರ್ 168, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.4 ಅಂತ ಬಂತು. ಬೇರೆ ಯಾರದ್ದೋ ರಿಪೋರ್ಟ್ ನನ್ನ ಹೆಸರಿಗೆ ಬಂದಿದೆ ಅಂತ ಇನ್ನೊಂದು ಲ್ಯಾಬಿಗೆ ಹೋದೆ. ಅಲ್ಲೂ ಹೆಚ್ಚುಕಡಿಮೆ ಅದೇ.

ಡಾಕ್ಟರು ಹತ್ತು ನಿಮಿಷ ನೋಡಿದರು. ಟೈಪ್ 2, ಈ ವಯಸ್ಸಿಗೆ ಸಾಮಾನ್ಯ ಅಂದರು. ಮೆಟ್‌ಫಾರ್ಮಿನ್ 500 ದಿನಕ್ಕೆ ಎರಡು ಸಲ ಬರೆದರು. ಜೊತೆಗೆ ಒಂದು ಅಚ್ಚು ಹಾಕಿದ ಹಾಳೆ: ದಿನಾ ಅರ್ಧ ಗಂಟೆ ನಡೆಯಿರಿ, ತೂಕ ಇಳಿಸಿ, ಸಿಹಿ ಬಿಡಿ. ಇನ್ನೆಲ್ಲಿಂದ ಇಳಿಸಲಿ ಹೇಳಿ. ನಾನು ಓಡುತ್ತೇನೆ ಅಂದರೆ 'ಒಳ್ಳೆಯದು, ಆದರೆ ಜಾಸ್ತಿ ಸುಸ್ತು ಮಾಡಿಕೊಳ್ಳಬೇಡಿ' ಅಂದರು. ಅದರ ಅರ್ಥ ಐದು ಕಿಲೋಮೀಟರೋ ಐವತ್ತೋ ಗೊತ್ತಾಗಲಿಲ್ಲ.

ಭಯಕ್ಕಿಂತ ಸಿಟ್ಟು ಜಾಸ್ತಿ ಇದೆ. ಇಡೀ ದಿನ ಕುರ್ಚಿ ಬಿಟ್ಟು ಏಳದವರೆಲ್ಲ ಆರಾಮಾಗಿದ್ದಾರೆ. ನನಗೆ ಯಾಕೆ?

ಇನ್ನೊಂದು ವಿಚಿತ್ರ. ಒಂದು ಮೀಟರ್ ತಂದಿಟ್ಟುಕೊಂಡಿದ್ದೇನೆ. ನಿಧಾನವಾಗಿ ಒಂದು ಗಂಟೆ ಓಡಿದ ದಿನ 150 ಇದ್ದದ್ದು 115ಕ್ಕೆ ಇಳಿಯಿತು, ಸರಿ. ಆದರೆ ಏರಿನಲ್ಲಿ ಮತ್ತೆ ಮತ್ತೆ ಜೋರಾಗಿ ಓಡುವ ಅಭ್ಯಾಸದ ದಿನ 160 ಇದ್ದದ್ದು 220 ಆಯ್ತು. ಓಡಿದರೆ ಇಳಿಯಬೇಕು ಅಲ್ವಾ? ಎರಡು ತಿಂಗಳಲ್ಲಿ ಒಂದು ಹಾಫ್ ಮ್ಯಾರಥಾನ್ ಇದೆ, ಹೆಸರು ಕೊಟ್ಟಾಗಿದೆ. ಓಡಬಹುದಾ, ಬಿಡಬೇಕಾ? ಓಟದ ಮಧ್ಯೆ ತಗೊಳ್ಳುವ ಸಕ್ಕರೆ ಜೆಲ್ ಕಥೆ ಏನು? ಜೊತೆಗೆ ಓಡುವವರಿಗೆ ಹೇಳಬೇಕಾ? ನನಗಂತೂ ಹೇಳಲು ಮನಸ್ಸಿಲ್ಲ.

ಗಾಲಿಪುರಾಣ:

ಸೈಕಲ್ ತುಳಿಯುವವನು ನಾನು, ಟೈಪ್ 2, ಹಲವು ವರ್ಷ ಆಯ್ತು. ಮೊದಲು ಆ 220ರ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ನೋಡಿ ಹೆದರಿ ವ್ಯಾಯಾಮ ಬಿಟ್ಟವರನ್ನು ನೋಡಿದ್ದೇನೆ.

ನಿಧಾನವಾಗಿ ಓಡುವಾಗ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆ ಎಳೆದುಕೊಳ್ಳುತ್ತವೆ. ಸ್ನಾಯು ಕೆಲಸ ಮಾಡುತ್ತಿರುವಾಗ ಇನ್ಸುಲಿನ್ ಬಂದು ಬಾಗಿಲು ತಟ್ಟುವವರೆಗೂ ಕಾಯುವುದಿಲ್ಲ, ತಾನೇ ಚಿಲಕ ತೆಗೆಯುತ್ತದೆ. ಅದಕ್ಕೇ 150 ಹೋಗಿ 115 ಆದದ್ದು. ಏರಿನಲ್ಲಿ ಉಸಿರು ಕಟ್ಟಿ ಓಡುವಾಗ ಅಡ್ರಿನಲಿನ್ ಏರುತ್ತದೆ. 'ತುರ್ತು ಇದೆ, ಇಂಧನ ಕಳಿಸು' ಅಂತ ಲಿವರ್‌ಗೆ ಹೇಳಿದ ಹಾಗೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ಸ್ನಾಯು ಬಳಸುವುದಕ್ಕಿಂತ ವೇಗವಾಗಿ ರಕ್ತಕ್ಕೆ ಬಿಡುತ್ತದೆ. ಶುಗರ್ ಇಲ್ಲದವರಿಗೂ ಸ್ವಲ್ಪ ಹೀಗಾಗುತ್ತದೆ, ಅವರ ಮೇದೋಜೀರಕ ಗ್ರಂಥಿ ತಕ್ಷಣ ಇನ್ಸುಲಿನ್ ಬಿಟ್ಟು ಸರಿ ಮಾಡಿಬಿಡುತ್ತದೆ. ನಮ್ಮದು ತಡ ಮಾಡುತ್ತದೆ. ಮುಂದಿನ ಸಲ ಜೋರು ಓಟ ಮುಗಿಸಿ ಒಂದೆರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಇಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಸಿಟ್ಟು. ಅದು ಸಹಜ, ಆದರೆ ಲೆಕ್ಕ ತಪ್ಪು. ವ್ಯಾಯಾಮದಿಂದ ಅಪಾಯ ಕಡಿಮೆಯಾಗುತ್ತದೆ, ಸೊನ್ನೆ ಆಗುವುದಿಲ್ಲ. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಂತ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಶುಗರ್‌ನ ಅಂಚಿನಲ್ಲಿದ್ದವರಿಗೆ ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಿಸಿದರು, ಊಟ ಸರಿ ಮಾಡಿಸಿದರು, ತೂಕ ಇಳಿಸಿದರು. ಶುಗರ್‌ಗೆ ದಾಟುವವರ ಪ್ರಮಾಣ ಶೇಕಡ 58ರಷ್ಟು ತಗ್ಗಿತು. 58, ನೂರಲ್ಲ. ಎಲ್ಲ ಸರಿಯಾಗಿ ಮಾಡಿಯೂ ಬಂದವರು ಆ ಗುಂಪಿನಲ್ಲೂ ಇದ್ದರು. ಮನೆತನದಿಂದ ಬರುವುದಿದೆ, ಕನ್ನಡಿಯಲ್ಲಿ ಕಾಣದೆ ಲಿವರ್ ಸುತ್ತ ಕೂರುವ ಕೊಬ್ಬಿದೆ, ನಿದ್ದೆ ಇದೆ, ಕೆಲವರಿಗೆ ಬೇರೆ ಕಾಯಿಲೆಗೆ ತಗೊಂಡ ಸ್ಟೆರಾಯ್ಡ್ ಮಾತ್ರೆಯಿಂದಲೂ ಏರುತ್ತದೆ. ನೀವು ಇಷ್ಟು ವರ್ಷ ಓಡಿದ್ದು ದಂಡ ಆಗಿಲ್ಲ. ಆ ಹೃದಯ, ಆ ಕಾಲು ಈಗ ಕೆಲಸಕ್ಕೆ ಬರುತ್ತವೆ.

ಮೆಟ್‌ಫಾರ್ಮಿನ್ ಒಂದನ್ನೇ ತಗೊಂಡರೆ ಓಡುವಾಗ ಶುಗರ್ ಧಡಕ್ಕನೆ ಬೀಳುವ ಭಯ ಬಹಳ ಕಡಿಮೆ. ಶುರುವಿನಲ್ಲಿ ಹೊಟ್ಟೆ ಕೆಡುತ್ತದೆ, ಅದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಊಟದ ಜೊತೆ ತಗೊಳ್ಳಿ. ಆಗಲೂ ಆಗದಿದ್ದರೆ ನಿಧಾನವಾಗಿ ಕರಗುವ ಬಗೆಯ ಮಾತ್ರೆ ಇದೆ, ಕೇಳಿ. ಉದ್ದ ಓಟದ ಹಿಂದಿನ ದಿನ ಡೋಸ್ ಬದಲಿಸುವ ಪ್ರಯೋಗ ಮಾತ್ರ ಬೇಡ, ದಾರಿ ಮಧ್ಯೆ ಶೌಚಾಲಯ ಹುಡುಕಬೇಕಾಗುತ್ತದೆ. ವರ್ಷಗಟ್ಟಲೆ ತಗೊಳ್ಳುವವರಿಗೆ ವಿಟಮಿನ್ ಬಿ12 ಕಡಿಮೆಯಾಗಬಹುದು, ಆಗಾಗ ನೋಡಿಸಿ.

ಓಟ ಬಿಡಬೇಡಿ.

ತಡವಾಗಿಸಿಕ್ಕಿದ್ದು:

ಗಾಲಿಪುರಾಣ ಹೇಳಿದ್ದೆಲ್ಲ ಸರಿ, ಇವರದ್ದು ಟೈಪ್ 2 ಆಗಿದ್ದರೆ. ನನಗೆ ಆ ಬಗ್ಗೆಯೇ ಅನುಮಾನ.

ನೀವು ಬರೆದದ್ದನ್ನು ಇನ್ನೊಮ್ಮೆ ಓದಿ. ತೆಳ್ಳಗಿದ್ದೀರಿ, ಪ್ರಯತ್ನ ಮಾಡದೆ ತೂಕ ಇಳಿದಿದೆ, 41 ವರ್ಷ. ಮನೆಯಲ್ಲಿ ಯಾರಿಗಾದರೂ ಇದೆ ಅಂತ ಎಲ್ಲೂ ಹೇಳಿಲ್ಲ. ಬಾಯಾರಿಕೆ ಜಾಸ್ತಿ ಇದೆಯಾ, ರಾತ್ರಿ ಮೂತ್ರಕ್ಕೆ ಏಳುತ್ತೀರಾ, ಕಣ್ಣು ಆಗಾಗ ಮಂಜಾಗುತ್ತದಾ? ಹೌದು ಅಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಓಟದ್ದಲ್ಲ, ನನಗಿರುವುದು ಯಾವ ಟೈಪ್ ಅನ್ನುವುದು.

ಟೈಪ್ 1 ಮಕ್ಕಳಿಗೆ ಮಾತ್ರ ಬರುತ್ತದೆ ಅಂತ ಎಷ್ಟೋ ಜನ, ಕೆಲವೊಮ್ಮೆ ಡಾಕ್ಟರುಗಳೂ, ಅಂದುಕೊಂಡಿರುತ್ತಾರೆ. ಮೂವತ್ತು, ನಲವತ್ತು ದಾಟಿದ ಮೇಲೂ ಬರುತ್ತದೆ, ಅಪರೂಪವೇನಲ್ಲ. ದೊಡ್ಡವರಲ್ಲಿ ಅದು ನಿಧಾನವಾಗಿ ಬರುವ ಬಗೆಗೆ ಲಾಡಾ ಅಂತಾರೆ. ಮೈಯ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕಣಗಳನ್ನು ಒಂದೊಂದಾಗಿ ಕೊಲ್ಲುತ್ತಾ ಹೋಗುತ್ತದೆ, ಆದರೆ ವರ್ಷಗಟ್ಟಲೆ ಸ್ವಲ್ಪ ಇನ್ಸುಲಿನ್ ಉಳಿದಿರುತ್ತದೆ. ಆ ಉಳಿಕೆಯಿಂದ ಮಾತ್ರೆ ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತದೆ. ಆಮೇಲೆ ಒಂದು ದಿನ ಕೆಲಸ ಮಾಡುವುದಿಲ್ಲ. ಆಗ 'ನೀವು ಪಥ್ಯ ಮಾಡುತ್ತಿಲ್ಲ' ಅಂತ ಬೈಸಿಕೊಳ್ಳಬೇಕು. ನಾನು ಬೈಸಿಕೊಂಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ನನ್ನೊಬ್ಬಳ ಕಥೆ ಅಂದುಕೊಳ್ಳಬೇಡಿ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಥೆರೇಸಾ ಮೇ ಅವರಿಗೂ 2012ರಲ್ಲಿ, 56ನೇ ವಯಸ್ಸಿನಲ್ಲಿ, ಮೊದಲು ಟೈಪ್ 2 ಅಂತಲೇ ಹೇಳಿ ಮಾತ್ರೆ ಕೊಟ್ಟಿದ್ದರು. ಮಾತ್ರೆಗೆ ಬಗ್ಗಲಿಲ್ಲ, ಮತ್ತೆ ಪರೀಕ್ಷೆ ಮಾಡಿದರು, ಟೈಪ್ 1 ಅಂತ ಗೊತ್ತಾಯ್ತು. ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಆಮೇಲೆ ಪ್ರಧಾನಿಯಾದರು.

ಎರಡು ರಕ್ತ ಪರೀಕ್ಷೆ ಕೇಳಿ. ಒಂದು ಜಿಎಡಿ ಆ್ಯಂಟಿಬಾಡಿ. ಪಾಸಿಟಿವ್ ಬಂದರೆ ದಾಳಿ ನಡೆಯುತ್ತಿದೆ ಅಂತ ಅರ್ಥ. ನೆಗೆಟಿವ್ ಬಂದರೂ ಅನುಮಾನ ಗಟ್ಟಿ ಇದ್ದರೆ ಐಎ2, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಅಂತ ಇನ್ನೂ ಆ್ಯಂಟಿಬಾಡಿಗಳಿವೆ. ಎರಡನೆಯದು ಸಿ-ಪೆಪ್ಟೈಡ್, ನಿಮ್ಮ ಮೈ ಸ್ವಂತ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ತೋರಿಸುತ್ತದೆ. ಅದೇ ಹೊತ್ತಿಗೆ ಶುಗರ್ ಕೂಡ ಅಳೆಯಬೇಕು, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಅರ್ಥವಾಗುತ್ತದೆ. ಶುರುವಿನಲ್ಲಿ ಸಿ-ಪೆಪ್ಟೈಡ್ ನಾರ್ಮಲ್ ಬರಬಹುದು, ಅದೊಂದನ್ನೇ ಹಿಡಿದು ಟೈಪ್ 2 ಅಂತ ತೀರ್ಮಾನ ಮಾಡಿಬಿಟ್ಟರೆ ಒಪ್ಪಬೇಡಿ. ಸಾಧ್ಯವಾದರೆ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ಕಾಯಿಲೆಗಳ ಡಾಕ್ಟರ ಹತ್ತಿರ ಹೋಗಿ.

ಅಲ್ಲಿಯವರೆಗೆ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಆದರೆ ವಾಂತಿ, ಹೊಟ್ಟೆನೋವು, ಜೋರಾದ ಉಸಿರು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ, ಇದರಲ್ಲಿ ಏನಾದರೂ ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಅದು ಕೀಟೋಆ್ಯಸಿಡೋಸಿಸ್, ಅಂದರೆ ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗುವುದು, ಜೀವ ತೆಗೆಯುತ್ತದೆ.

ಮಾತ್ರೆಬಿಟ್ಟೆ:

ಇಷ್ಟೆಲ್ಲ ಟೆಸ್ಟು, ಇನ್ಸುಲಿನ್ನು ಅಂತ ಹೆದರಿಸ್ತಿರೋದು ಯಾಕೆ? ನಾನು ಅನ್ನ, ಸಕ್ಕರೆ ಥರದ ಕಾರ್ಬ್ ಪೂರ್ತಿ ಬಿಟ್ಟೆ, ತೂಕ ಇಳಿಸಿದೆ, ಮಾತ್ರೆ ನಿಲ್ಲಿಸಿದೆ, ಎಚ್‌ಬಿಎ1ಸಿ 5.8ಕ್ಕೆ ಬಂತು. ನೀವು ಆಗಲೇ ಫಿಟ್ ಇದ್ದೀರಿ, ನಿಮಗೆ ಇನ್ನೂ ಸುಲಭ. ಸುಮ್ನೆ ಊಟ ಬದಲಿಸಿ, ಮೂರು ತಿಂಗಳಲ್ಲಿ ವಾಸಿ. ಒಮ್ಮೆ ಮಾತ್ರೆ ಶುರು ಮಾಡಿದರೆ ಜೀವನ ಪೂರ್ತಿ ಬಿಡಲ್ಲ.

ರಾತ್ರಿಪಾಳಿ:

@ಮಾತ್ರೆಬಿಟ್ಟೆ, ನಿಮಗೆ ಆದದ್ದು ನಿಜ ಇರಬಹುದು, ಸಂತೋಷ. ತೂಕ ಜಾಸ್ತಿ ಇದ್ದ ಟೈಪ್ 2 ಶುರುವಿನಲ್ಲೇ ಸಿಕ್ಕರೆ, ಚೆನ್ನಾಗಿ ತೂಕ ಇಳಿಸಿದರೆ, ಹಾಗೆ ಹಿಂದೆ ಸರಿಯುವುದು ಸಾಧ್ಯ. ಆದರೆ ಅದನ್ನು ಇವರಿಗೆ ಹೇಳುತ್ತಿದ್ದೀರಲ್ಲ, ಇಳಿಸಲು ಇವರ ಹತ್ತಿರ ತೂಕ ಎಲ್ಲಿದೆ?

ನಾನು ಆಸ್ಪತ್ರೆಯ ನರ್ಸ್, ಎಮರ್ಜೆನ್ಸಿಯಲ್ಲಿ ರಾತ್ರಿ ಕೆಲಸ. ಟೈಪ್ 1 ಇದ್ದೂ ಗೊತ್ತಿಲ್ಲದವರು ಕಾರ್ಬ್ ಪೂರ್ತಿ ಬಿಟ್ಟು, ಔಷಧಿಯೂ ಬಿಟ್ಟು ಕೂತರೆ ಏನಾಗುತ್ತದೆ ಅಂತ ಹೇಳುತ್ತೇನೆ. ಊಟದಲ್ಲಿ ಸಕ್ಕರೆ ಇಲ್ಲ, ಹಾಗಾಗಿ ಮೀಟರಿನ ಅಂಕಿ ಕೆಲವು ದಿನ ಚೆಂದ ಕಾಣುತ್ತದೆ. ಒಳಗೆ ಇನ್ಸುಲಿನ್ ಖಾಲಿಯಾಗುತ್ತಾ ಬಂದಿರುತ್ತದೆ. ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಅನ್ನುವ ಆಮ್ಲ ರಕ್ತದಲ್ಲಿ ಏರುತ್ತದೆ. ಏರಿದರೂ 'ಇದು ಕೀಟೋ ಡಯಟ್‌ನ ಕೀಟೋನ್, ಒಳ್ಳೆಯದೇ' ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ನಮ್ಮ ಹತ್ತಿರ ಬರುವಾಗ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ.

ಇನ್ನೊಂದು ಔಷಧಿಯ ಬಗ್ಗೆಯೂ ಹೇಳಿಬಿಡುತ್ತೇನೆ, ಓಡುವವರಿಗೆ ಬೇಕಾದದ್ದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಬರುವ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹೃದಯ, ಕಿಡ್ನಿಗೆ ಒಳ್ಳೆಯ ಔಷಧಿಗಳೇ. ಆದರೆ ಮೈಯಿಂದ ನೀರೂ ಹೋಗುತ್ತದೆ, ಬಿಸಿಲಿನಲ್ಲಿ ಉದ್ದ ಓಡುವವರಿಗೆ ಅದು ತೊಂದರೆ. ಇನ್ಸುಲಿನ್ ಕಡಿಮೆ ಇರುವವರಿಗೆ ಶುಗರ್ ಅಷ್ಟೇನೂ ಏರದೆಯೇ ಕೀಟೋಆ್ಯಸಿಡೋಸಿಸ್ ಆಗಬಹುದು. ಅದೇ ಥರ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಬರೆದುಕೊಟ್ಟರೆ ಓಡುವ ವಿಷಯ ಖಂಡಿತ ಹೇಳಿ. ಅವು ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ, ಓಟದ ಮಧ್ಯೆ ಶುಗರ್ ತಳ ಮುಟ್ಟಬಹುದು. ಯಾವ ಮಾತ್ರೆ ಅಂತ ತೀರ್ಮಾನ ಆಗುವ ಮೊದಲು ಯಾವ ಟೈಪ್ ಅಂತ ಗೊತ್ತಾಗಬೇಕು ಅನ್ನುವುದು ಇದಕ್ಕೇ.

ಮಾತ್ರೆಬಿಟ್ಟೆ:

ಸರಿ ಬಿಡಿ, ನನ್ನ ಅನುಭವ ಹೇಳಿದೆ ಅಷ್ಟೆ.

ಓಟದಹುಚ್ಚು:

ಎಲ್ಲರಿಗೂ ಥ್ಯಾಂಕ್ಸ್. ಬಾಯಾರಿಕೆ ಹೌದು, ರಾತ್ರಿ ಏಳುವುದೂ ಹೌದು. ಓಡುವವರು ನೀರು ಜಾಸ್ತಿ ಕುಡಿಯುತ್ತೇವೆ, ಅದರಲ್ಲಿ ಬಾಯಾರಿಕೆ ಯಾವುದು ಕಾಯಿಲೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಅಪ್ಪ ಅಮ್ಮನಿಗೆ ಶುಗರ್ ಇಲ್ಲ, ಅಕ್ಕನಿಗೆ ಥೈರಾಯ್ಡ್ ಇದೆ.

ಡಾಕ್ಟರ ಹತ್ತಿರ ಮತ್ತೆ ಹೋಗಿ ಜಿಎಡಿ ಬರೆಯಿರಿ ಅಂದೆ. 'ಇಂಟರ್ನೆಟ್ ಓದಿದಿರಾ' ಅಂತ ನಕ್ಕರು. ತೂಕ ಇಳಿದ ವಿಷಯ ಹೇಳಿದ ಮೇಲೆ ನಗು ನಿಂತಿತು, ಬರೆದುಕೊಟ್ಟರು. ರಿಪೋರ್ಟ್ ಬರಲು ಸ್ವಲ್ಪ ದಿನ ಬೇಕಂತೆ.

ಈಗ ಹೊಸ ಭಯ. ಟೈಪ್ 1 ಅಂತ ಬಂದರೆ ಇನ್ಸುಲಿನ್. ಆಮೇಲೆ ಉದ್ದ ಓಟ ಮುಗಿದ ಹಾಗೇನಾ?

ತಡವಾಗಿಸಿಕ್ಕಿದ್ದು:

ಅಕ್ಕನಿಗೆ ಥೈರಾಯ್ಡ್ ಅಂದಿರಲ್ಲ, ಅದೂ ಆಟೋಇಮ್ಯೂನ್, ಅಂದರೆ ರೋಗನಿರೋಧಕ ವ್ಯವಸ್ಥೆ ಮೈಮೇಲೇ ದಾಳಿ ಮಾಡುವ ಬಗೆಯದ್ದಾಗಿದ್ದರೆ ಡಾಕ್ಟರಿಗೆ ಹೇಳಿ. ಇವು ಒಂದೇ ಮನೆಯಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವುದಿದೆ.

ಓಟ ಮುಗಿಯುವುದಿಲ್ಲ. ಗ್ಯಾರಿ ಹಾಲ್ ಜೂನಿಯರ್ ಅಂತ ಅಮೆರಿಕದ ಈಜುಗಾರ, 1999ರಲ್ಲಿ ಟೈಪ್ 1 ಗೊತ್ತಾಯ್ತು. 2000ದ ಸಿಡ್ನಿಯಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ, 2004ರ ಅಥೆನ್ಸ್‌ನಲ್ಲಿ ಮತ್ತೆ ಅದೇ. ವಾಸಿಂ ಅಕ್ರಂಗೆ 1997ರಲ್ಲಿ ಗೊತ್ತಾಯ್ತು, 2003ರ ವಿಶ್ವಕಪ್‌ವರೆಗೂ ಬೌಲ್ ಮಾಡಿದರು, ಏಕದಿನದ 500ನೇ ವಿಕೆಟ್ ಬಂದದ್ದೇ ಆ ವಿಶ್ವಕಪ್ಪಿನಲ್ಲಿ. ಇವರ ಹೆಸರು ಕೇಳಿ ಕೇಳಿ ನನಗೂ ಬೇಜಾರಾಗಿತ್ತು, ಅವರಿಗೆ ಸುತ್ತ ಹತ್ತು ಜನ ಡಾಕ್ಟರುಗಳು ಇರ್ತಾರೆ ಅಂತ. ಆದರೂ ಒಂದು ಮಾತು ಖಚಿತ ಆಗುತ್ತದೆ: ಇನ್ಸುಲಿನ್ ಮೇಲೆ ಇರುವ ಮೈ ದೊಡ್ಡ ಮಟ್ಟದಲ್ಲಿ ಆಡಬಲ್ಲದು.

ಬದಲಾಗುವುದು ಏನು ಅಂದರೆ, ಲೆಕ್ಕ. ನಿಮ್ಮ ಮೈಯ ಇನ್ಸುಲಿನ್ ಓಟ ಶುರುವಾದ ಕೂಡಲೇ ತಾನೇ ಕಡಿಮೆಯಾಗುತ್ತದೆ. ಚುಚ್ಚಿಕೊಂಡದ್ದು ಕಡಿಮೆಯಾಗುವುದಿಲ್ಲ, ಒಮ್ಮೆ ಒಳಗೆ ಹೋದರೆ ಹೋಯ್ತು. ಅದೂ ಇದೆ, ಸ್ನಾಯುವೂ ಸಕ್ಕರೆ ಎಳೆಯುತ್ತಿದೆ. ಎರಡೂ ಸೇರಿದಾಗ ಶುಗರ್ ಬೀಳುತ್ತದೆ. ಊಟದ ಇನ್ಸುಲಿನ್ ತಗೊಂಡು ಒಂದು ಗಂಟೆಗೆ ಓಡಲು ಹೊರಡುವುದು ಅದಕ್ಕೇ ಕೆಟ್ಟ ಐಡಿಯಾ. ಓಡಲೇಬೇಕು ಅಂದರೆ ಡೋಸ್ ಎಷ್ಟು ಇಳಿಸಬೇಕು ಅಂತ ಡಾಕ್ಟರ ಜೊತೆ ಮೊದಲೇ ಮಾತಾಡಿಕೊಂಡಿರಬೇಕು. ನನಗೆ ಬೆಳಿಗ್ಗೆ ಖಾಲಿ ಹೊಟ್ಟೆಯ ಓಟ ಸುಲಭ, ಆ ಹೊತ್ತಿಗೆ ಊಟದ ಇನ್ಸುಲಿನ್ ಮೈಯಲ್ಲಿ ಇರುವುದಿಲ್ಲ. ಸಂಜೆ ಓಡಿದರೆ ರಾತ್ರಿಗೆ ಹೆದರಬೇಕು.

ರಾತ್ರಿಯ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಉದ್ದ ಓಟದಲ್ಲಿ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಖಾಲಿಯಾಗುತ್ತದೆ. ಅದನ್ನು ತುಂಬಿಸಿಕೊಳ್ಳಲು ಮೈ ಇಡೀ ರಾತ್ರಿ ರಕ್ತದಿಂದ ಸಕ್ಕರೆ ತೆಗೆದುಕೊಳ್ಳುತ್ತಲೇ ಇರುತ್ತದೆ, ಇನ್ಸುಲಿನ್ ಪರಿಣಾಮ 24 ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಹೊತ್ತು ಚುರುಕಾಗಿರುತ್ತದೆ. ಓಟ ಮುಗಿಸಿದಾಗ 130 ಇತ್ತು, ಎಲ್ಲ ಸರಿ ಅಂತ ಮಲಗಿದರೆ ನಡುರಾತ್ರಿ ಬೆವರಿ, ಎದೆ ಹೊಡೆದುಕೊಂಡು ಎಚ್ಚರ ಆಗುತ್ತದೆ. ಆವತ್ತು ಮದ್ಯ ಸೇರಿದರೆ ಇನ್ನೂ ಕೆಟ್ಟದ್ದು, ಲಿವರ್ ಸಕ್ಕರೆ ಬಿಡುವುದು ಬಿಟ್ಟು ಮದ್ಯ ಕರಗಿಸುತ್ತಾ ಕೂರುತ್ತದೆ.

70ಕ್ಕಿಂತ ಕೆಳಗೆ ಹೋದರೆ ಲೋ. 15 ಗ್ರಾಂ ಬೇಗ ಕರಗುವ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಇನ್ನೂ ಕೆಳಗಿದ್ದರೆ ಮತ್ತೊಮ್ಮೆ. ಗ್ಲೂಕೋಸ್ ಮಾತ್ರೆ ಒಳ್ಳೆಯದು, ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡಿಸುತ್ತದೆ. 54ಕ್ಕಿಂತ ಕೆಳಗೆ ಹೋದರೆ ಆವತ್ತು ಓಟ ಮುಗಿಯಿತು ಅಂತಲೇ ಲೆಕ್ಕ, ಹಠ ಮಾಡಬೇಡಿ. ಇನ್ಸುಲಿನ್ ಮೇಲಿರುವವರು ಓಟ ಶುರು ಮಾಡುವಾಗ 90ರಿಂದ 250ರ ನಡುವೆ ಇರಬೇಕು ಅನ್ನುವುದು ಸಾಮಾನ್ಯ ಸಲಹೆ. 250 ದಾಟಿದ್ದರೆ ಕೀಟೋನ್ ನೋಡಿ. ಕೀಟೋನ್ ಇದ್ದರೆ ಓಡಬಾರದು, ಓಡಿದರೆ ಶುಗರ್ ಇಳಿಯುವ ಬದಲು ಇನ್ನೂ ಏರುತ್ತದೆ.

ಜೆಲ್ ಬಗ್ಗೆ ಕೇಳಿದ್ದಿರಿ. ಗಂಟೆಗಟ್ಟಲೆ ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಎಲ್ಲ ಓಟಗಾರರೂ ತಗೊಳ್ಳುತ್ತಾರೆ, ನಮಗೂ ಬೇಕು. ಆಗ ಅದು ಸಿಹಿ ತಿಂದ ಲೆಕ್ಕ ಅಲ್ಲ, ಔಷಧಿ ಇದ್ದ ಹಾಗೆಯೇ. ಒಂದೇ ಸಲ ನುಂಗುವ ಬದಲು ಸ್ವಲ್ಪ ಸ್ವಲ್ಪ ತಗೊಳ್ಳಿ.

ತೊಡೆಗೆ ಚುಚ್ಚಿಕೊಂಡು ಓಡಬೇಡಿ, ಓಡುವ ಕಾಲಿನಿಂದ ಇನ್ಸುಲಿನ್ ಬೇಗ ಹೀರಿಕೊಳ್ಳುತ್ತದೆ. ಹೊಟ್ಟೆ ಉತ್ತಮ. ತೋಳಿಗೆ ಅಂಟಿಸುವ ಸೆನ್ಸರ್ ಸಿಕ್ಕರೆ ಹಾಕಿಸಿಕೊಳ್ಳಿ, ಅಂಕಿಗಿಂತ, ಶುಗರ್ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ತೋರಿಸುವ ಬಾಣದ ಗುರುತು ಮುಖ್ಯ. ಆದರೆ ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಶುಗರ್ ಬೇಗ ಬೀಳುತ್ತಿರುವಾಗ ಅದು ಹಿಂದೆ ಉಳಿಯುತ್ತದೆ. ಸೆನ್ಸರ್ 95 ತೋರಿಸುತ್ತಿದೆ, ಕೈ ನಡುಗುತ್ತಿದೆ ಅಂದರೆ ನಂಬಬೇಕಾದದ್ದು ಕೈಯನ್ನು.

ಸ್ಪರ್ಧೆಯಲ್ಲಿ ಡೋಪಿಂಗ್ ಪರೀಕ್ಷೆ ಎದುರಿಸುವ ಮಟ್ಟದ ಓಟಗಾರ ನೀವಾದರೆ ಇನ್ನೊಂದು: ಇನ್ಸುಲಿನ್ ನಿಷೇಧಿತ ಪಟ್ಟಿಯಲ್ಲಿದೆ. ವೈದ್ಯಕೀಯ ವಿನಾಯಿತಿ ಸಿಗುತ್ತದೆ, ಅರ್ಜಿ ಹಾಕಬೇಕು. ನಮ್ಮಂಥವರಿಗೆ ಆ ಚಿಂತೆ ಇಲ್ಲ ಬಿಡಿ.

ಜೊತೆಗೆ ಓಡುವವರಿಗೆ ಹೇಳಲೇಬೇಕು. ಎಲ್ಲರಿಗೂ ಬೇಡ, ಇಬ್ಬರಿಗೆ ಸಾಕು. ಲೋ ಆದಾಗ ಮನುಷ್ಯ ಕುಡಿದವನ ಥರ ಆಡುತ್ತಾನೆ, ಸುಮ್ಮನೆ ಜಗಳ ತೆಗೆಯುತ್ತಾನೆ, 'ನಂಗೇನೂ ಆಗಿಲ್ಲ' ಅಂತಾನೆ. ಪಕ್ಕದಲ್ಲಿರುವವರಿಗೆ ಗೊತ್ತಿದ್ದರೆ ಬಾಯಿಗೆ ಸಕ್ಕರೆ ಹಾಕುತ್ತಾರೆ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬಾರದು, ಅದನ್ನೂ ಹೇಳಿಡಿ.

ಭಾರಎತ್ತುವವಳು:

ಟೈಪ್ 2, ಜಿಮ್ಮಿನವಳು. ಎಲ್ಲರೂ ಓಟ ಓಟ ಅಂತಿದ್ದಾರೆ, ಭಾರ ಎತ್ತುವುದನ್ನೂ ಸೇರಿಸಿಕೊಳ್ಳಿ. ಊಟದ ಸಕ್ಕರೆ ಹೋಗಿ ಸೇರುವ ದೊಡ್ಡ ಜಾಗ ಸ್ನಾಯು. ತೂಕ ಇಳಿಯುತ್ತಿರುವ ನಿಮ್ಮಂಥವರಿಗೆ ಸ್ನಾಯು ಕರಗದ ಹಾಗೆ ನೋಡಿಕೊಳ್ಳುವುದು ಮುಖ್ಯ. ಆದರೆ ಭಾರೀ ತೂಕ ಎತ್ತುವ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ, ಪಾಪೆ ದೊಡ್ಡ ಮಾಡಿ ರೆಟಿನಾ ನೋಡುವ ಪರೀಕ್ಷೆ. ಶುಗರ್ ಎಷ್ಟು ದಿನದಿಂದ ಇತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕಣ್ಣಿನ ಹಿಂದೆ ಹೊಸ ರಕ್ತನಾಳ ಬೆಳೆದಿದ್ದರೆ ಉಸಿರು ಬಿಗಿಹಿಡಿದು ಎತ್ತುವುದು ಅಪಾಯ.

ಕಣ್ಣಿನ ಮಾತು ಬಂದಾಗ ಇನ್ನೊಂದು. ಔಷಧಿ ಶುರುವಾಗಿ ಶುಗರ್ ಇಳಿಯುವ ಮೊದಲ ವಾರಗಳಲ್ಲಿ ದೃಷ್ಟಿ ಮಂಜಾಗಬಹುದು. ಕಣ್ಣಿನ ಮಸೂರದ ನೀರಿನಂಶ ಬದಲಾಗುವುದರಿಂದ ಹಾಗೆ, ತಾನೇ ಸರಿಹೋಗುತ್ತದೆ. ಅಷ್ಟರಲ್ಲಿ ಹೊಸ ಕನ್ನಡಕಕ್ಕೆ ದುಡ್ಡು ಹಾಕಬೇಡಿ.

ಕಿಡ್ನಿಗೆ ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೊಟೀನ್ ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆ ಬರೆಯುತ್ತಾರೆ. ಅದರ ಹಿಂದಿನ ದಿನ ಉದ್ದ ಓಟ, ಭಾರೀ ಜಿಮ್ ಬೇಡ. 24 ಗಂಟೆಯೊಳಗೆ ಜೋರು ವ್ಯಾಯಾಮ ಮಾಡಿದ್ದರೆ ಆಲ್ಬುಮಿನ್ ಸುಮ್ನೆ ಏರಿರುತ್ತದೆ, ಕಿಡ್ನಿ ಹೋಯ್ತು ಅಂತ ಹೆದರಿ ಸಾಯಬೇಕಾಗುತ್ತದೆ. ಸ್ನಾಯು ಜಾಸ್ತಿ ಇದ್ದರೆ, ಕಿಡ್ನಿಯ ಕೆಲಸ ನೋಡಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಕೂಡ ಸ್ವಲ್ಪ ಮೇಲೆ ಇರುತ್ತದೆ. ರಿಪೋರ್ಟ್ ನೋಡುವವರಿಗೆ ನೀವು ಏನು ಮಾಡುತ್ತೀರಿ ಅಂತ ಬಾಯಿಬಿಟ್ಟು ಹೇಳಿ.

ಪಾದ ದಿನಾ ನೋಡಿಕೊಳ್ಳಿ. ಓಟಗಾರರಿಗೆ ಬೊಬ್ಬೆ, ಕಪ್ಪಾದ ಉಗುರು ಅಂದರೆ ತಮಾಷೆ. ಇನ್ನು ಮೇಲೆ ತಮಾಷೆ ಮಾಡಬೇಡಿ.

ಓಟದಹುಚ್ಚು:

ರಿಪೋರ್ಟ್ ಬಂತು. ಜಿಎಡಿ ಪಾಸಿಟಿವ್, ಅದೂ ಚೆನ್ನಾಗಿಯೇ ಮೇಲಿದೆ. ಸಿ-ಪೆಪ್ಟೈಡ್ ಇದೆ, ಆದರೆ ಕೆಳಗಿನ ಅಂಚಿನಲ್ಲಿ. ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋದೆ. ಲಾಡಾ ಅಂದರು. ದಿನಕ್ಕೊಂದು ಸಲ ಉದ್ದ ಕೆಲಸ ಮಾಡುವ ಇನ್ಸುಲಿನ್, ತುಂಬ ಸಣ್ಣ ಡೋಸ್‌ನಿಂದ ಶುರು ಮಾಡಿದ್ದೇವೆ. ಉಳಿದಿರುವ ಕಣಗಳು ಇನ್ನೂ ಸ್ವಲ್ಪ ಕಾಲ ಕೆಲಸ ಮಾಡುತ್ತವೆ, ಹಾಗಾಗಿ ಈಗ ಕಡಿಮೆ ಸಾಕು, ಮುಂದೆ ಜಾಸ್ತಿ ಬೇಕಾಗಬಹುದು ಅಂದರು. ಸೂಜಿ ನೋಡಿದರೆ ನಗು ಬಂತು, ಕೂದಲಿನಷ್ಟು ಸಣ್ಣದು.

ವಿಚಿತ್ರ ಅಂದರೆ ಸಿಟ್ಟು ಇಳಿದಿದೆ. ನಾನು ತಿಂದದ್ದಕ್ಕೋ ಓಡದಿದ್ದಕ್ಕೋ ಬಂದದ್ದಲ್ಲ ಅಂತ ಗೊತ್ತಾದದ್ದಕ್ಕಾ? ಟೈಪ್ 2 ಇರುವ ನೀವು ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿಗೆ ಹಾಗನ್ನಿಸಿದ್ದು ಹೇಳಿದೆ.

ಹಾಫ್ ಮ್ಯಾರಥಾನ್ ಓಡಬಹುದು ಅಂದಿದ್ದಾರೆ, ಟೈಮ್ ನೋಡಬೇಡಿ ಅಂತ ಷರತ್ತು. ಆವತ್ತು ಏನೇನು ಹಿಡಿದು ಹೋಗಲಿ?

ಗಾಲಿಪುರಾಣ:

ಬೇಜಾರು ಏನಿಲ್ಲ ಮಾರಾಯರೇ. ಆದರೆ ನನ್ನದೂ ನಾನು ತಿಂದೇ ಬಂದದ್ದಲ್ಲ, ಅಷ್ಟು ತಿಳಿದಿರಲಿ. ಓಡಿ ಬನ್ನಿ.

ತಡವಾಗಿಸಿಕ್ಕಿದ್ದು:

ಕಾರಣ ಸಿಕ್ಕಿತಲ್ಲ, ಅದೇ ಅರ್ಧ ಕೆಲಸ.

ಆ ದಿನಕ್ಕೆ: ಎದೆಗೆ ಹಾಕುವ ನಂಬರ್ ಚೀಟಿಯ (ಬಿಬ್) ಹಿಂದೆ ದಪ್ಪ ಅಕ್ಷರದಲ್ಲಿ ಟೈಪ್ 1, ಇನ್ಸುಲಿನ್, ಮನೆಯವರ ಫೋನ್ ನಂಬರ್ ಬರೆಯಿರಿ. ಗ್ಲೂಕೋಸ್ ಮಾತ್ರೆ ಎರಡು ಕಡೆ ಇಡಿ, ಸೊಂಟದ ಚೀಲದಲ್ಲಿ ಮತ್ತು ಕಿಸೆಯಲ್ಲಿ, ಒಂದು ಬಿದ್ದುಹೋದರೂ ಇನ್ನೊಂದು ಇರಲಿ. ಶುರುವಿನ ಗೆರೆಯಲ್ಲಿ ನಿಂತಾಗ ಶುಗರ್ 200 ದಾಟಿದ್ದರೂ 250ರ ಒಳಗಿದ್ದರೆ ಗಾಬರಿಯಾಗಬೇಡಿ, ಅದು ಎದೆಬಡಿತದ ಸಕ್ಕರೆ, ಓಡಲು ಶುರು ಮಾಡಿದರೆ ಇಳಿಯುತ್ತದೆ. ಅದನ್ನು ನೋಡಿ ಜೆಲ್ ಬಿಟ್ಟುಬಿಟ್ಟರೆ ಹದಿನೈದನೇ ಕಿಲೋಮೀಟರಿನಲ್ಲಿ ಕಾಲು ಕೈ ಕೊಡುತ್ತದೆ. ಹೊಸ ಜೆಲ್, ಹೊಸ ಶೂ, ಹೊಸ ಡೋಸ್ ಯಾವುದೂ ಆವತ್ತು ಬೇಡ, ಎಲ್ಲ ಅಭ್ಯಾಸದ ಓಟದಲ್ಲೇ ನೋಡಿ ಮುಗಿಸಿರಿ. ಇನ್ಸುಲಿನ್ ಪೆನ್ ಬಿಸಿಲಿಗೆ ಇಡಬೇಡಿ, ಬಿಸಿಯಾದರೆ ಕೆಡುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ.

ಹಾಂ, ಒದ್ದೆ ಬಟ್ಟೆಯ ತುಂಡೊಂದು ಇಟ್ಟುಕೊಳ್ಳಿ. ಜೆಲ್ ಅಂಟಿದ ಬೆರಳಿಗೆ ಹಾಗೇ ಸೂಜಿ ಚುಚ್ಚಿದರೆ ಮೀಟರ್ 300 ತೋರಿಸಬಹುದು. ಒರೆಸಿಕೊಂಡು ಮತ್ತೆ ನೋಡಿ.